ಶಿಫಾರಸು ಸಿಗದ ನಗು: 1942ರ ಮೈಸೂರಿನಿಂದ ಒಂದು ಲೆಕ್ಕ

ನಿಮ್ಮ ಫೋನ್ ಚಾರ್ಜರ್ ತೆಗೆದು ಅದರ ಮೇಲೆ ಬರೆದಿರೋದನ್ನ ಓದಿ. ಸ್ವಲ್ಪ ಹೊಸ ಫೋನ್ ಆದ್ರೆ 25 ವ್ಯಾಟ್, 30 ವ್ಯಾಟ್, ಹಿಂಗೆ ಏನೋ ಇರುತ್ತೆ. ಆ 30 ವ್ಯಾಟ್ ಅನ್ನೋ ಸಂಖ್ಯೆ ನೆನಪಲ್ಲಿಟ್ಕೊಳ್ಳಿ.

1935ರ ಸೆಪ್ಟೆಂಬರ್ 10. ಮೈಸೂರಿನ ಒಂಟಿಕೊಪ್ಪಲಿನಲ್ಲಿ 'ವಿಠಲ ವಿಹಾರ' ಅನ್ನೋ ಒಂದು ಮನೆ. ಅದರೊಳಗೆ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಕೊಂಡು ರೇಡಿಯೋ ಶುರುಮಾಡಿದರು. ಸರ್ಕಾರದ್ದಲ್ಲ, ಕಂಪನಿದಲ್ಲ, ಸ್ವಂತದ್ದು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಈ ಹೆಸರು ಸೂಚಿಸಿದ್ದು ಅದೇ ಕಾಲೇಜಿನ ಚರಿತ್ರೆ ಮೇಷ್ಟ್ರು ನಾ. ಕಸ್ತೂರಿ ಅಂತಾನೂ ಹೇಳ್ತಾರೆ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಗೋಪಾಲಸ್ವಾಮಿಯವರು ಸುಮಾರು ಆರು ವರ್ಷ ಅದನ್ನ ಎಳೆದರು, ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು.

ಪಾಡ್‌ಕಾಸ್ಟ್ ಮಾಡೋ ನಮ್ಮಂಥವರಿಗೆ ಇದು ಅಜ್ಜನ ಮನೆ ಕಥೆ ಇದ್ದಂಗೆ. ಆದ್ರೆ ಇವತ್ತು ನಾನು ಹೇಳಬೇಕಂತಿರೋದು ಅದಕ್ಕಿಂತ ಸ್ವಲ್ಪ ಸ್ವಾರ್ಥದ ವಿಷಯ.

ನಾನು ಮತ್ತು ಇಬ್ಬರು ಗೆಳೆಯರು ಸೇರಿ ಕನ್ನಡದಲ್ಲಿ ಒಂದು ಅನಿಮೇಷನ್ ಹಾಸ್ಯ ಸರಣಿ ಮಾಡ್ತಿದೀವಿ. ದೇವರಾಜ ಮಾರ್ಕೆಟ್ ಗೋಡೆ ಮೇಲೆ ಎರಡು ಕಾಗೆ ಕೂತು ಊರಿನ ಬಗ್ಗೆ ಮಾತಾಡ್ತವೆ, ಅಷ್ಟೇ ಕಥೆ. ಗೆಳತಿ ಚಿತ್ರ ಬಿಡಿಸ್ತಾಳೆ, ಗೆಳೆಯ ಧ್ವನಿ ಮತ್ತು ಸಂಗೀತ ನೋಡ್ಕೋತಾನೆ, ನಾನು ಬರೀತೀನಿ. ಬಿಕಾಂ ಓದಿರೋದ್ರಿಂದ ಲೆಕ್ಕ ಬರೆಯೋದೂ ನಾನೇ. ಮೂವರ ಉಳಿತಾಯ ಸೇರಿಸಿದ್ರೆ 1,20,000 ರೂಪಾಯಿ. ಕಂತಿಗೆ 20,000 ಖರ್ಚು ಅಂದ್ರೆ ಆರು ಕಂತು. ಏಳನೇದಕ್ಕೆ ದುಡ್ಡಿಲ್ಲ. ಗೆಳತಿ ಬೆಂಗಳೂರಿನ ಕೆಲಸ ಬಿಟ್ಟು ಇದಕ್ಕೇ ಕೂರಬೇಕಾ, ಬೇಡವಾ ಅನ್ನೋದು ಈ ತಿಂಗಳ ಕೊನೆಯೊಳಗೆ ತೀರ್ಮಾನ ಆಗಬೇಕಿತ್ತು. ನನಗೆ ಗೊತ್ತಿರೋ ಒಂದೇ ದಾರಿ ಅಂದ್ರೆ ಹಿಂದೆ ಇಂಥ ಹುಚ್ಚು ಹಚ್ಕೊಂಡವರ ಲೆಕ್ಕ ತೆಗೆದು ನೋಡೋದು.

ಮೊದಲು ನಮ್ಮೆದುರಿಗಿರೋ ಯಂತ್ರದ ವಿಷಯ. ಯೂಟ್ಯೂಬ್ 2012ರಲ್ಲಿ ಒಂದು ದೊಡ್ಡ ಬದಲಾವಣೆ ಮಾಡ್ತು. ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಹೆಚ್ಚು ತೂಕ ಕೊಡೋಕೆ ಶುರುಮಾಡ್ತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧ ಆಯ್ತು, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಭಾರತದಲ್ಲೇ ಮೊದಲು ಬಂತು. ಜಾಹೀರಾತಿನ ಪಾಲು ಬೇಕಂದ್ರೆ 1,000 ಚಂದಾದಾರರ ಜತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಇಲ್ಲದಿದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಮಾತಾಡೋ ಮುಖ ಇಟ್ಕೊಂಡು ದಿನಕ್ಕೆರಡು ವಿಡಿಯೋ ಹಾಕೋರಿಗೆ ಇದು ಆಗಬಹುದು. ಅನಿಮೇಷನ್‌ಗೆ? ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನ ಎರಡೆರಡು ಚೌಕಟ್ಟು ನಿಲ್ಲಿಸಿದ್ರೂ ಸೆಕೆಂಡಿಗೆ 12 ಚಿತ್ರ. ಐದು ನಿಮಿಷದ ಕಂತಿಗೆ 3,600. ಕಾಗೆಯ ಕತ್ತು, ರೆಕ್ಕೆ, ಕೊಕ್ಕು ಬೇರೆಬೇರೆ ಕತ್ತರಿಸಿಟ್ಟು ಗೊಂಬೆ ಥರ ಆಡಿಸೋದ್ರಿಂದ ಕೆಲಸ ಕಮ್ಮಿ ಆಗುತ್ತೆ, ನಿಜ. ಆದ್ರೂ ಮೂರು ಜನಕ್ಕೆ ಒಂದು ಕಂತು ಅಂದ್ರೆ ಒಂದು ತಿಂಗಳು.

ಇನ್ನೊಂದು ತಮಾಷೆ ಇದೆ. ಅಮೆರಿಕದಲ್ಲಿ ಮಕ್ಕಳ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರ್ ಕಟ್ಟಿದವು. 2020ರ ಜನವರಿಯಿಂದ ಪ್ರತಿ ವಿಡಿಯೋಗೂ 'ಇದು ಮಕ್ಕಳಿಗಾಗಿ ಮಾಡಿದ್ದಾ?' ಅಂತ ನಾವು ಗುರುತು ಹಾಕ್ಬೇಕು. ಯಂತ್ರವೂ ತಾನೇ ತೀರ್ಮಾನ ಮಾಡಬಹುದು. ಮಕ್ಕಳದ್ದು ಅಂತ ಆಯ್ತೋ, ಕಾಮೆಂಟ್ ಬಂದ್, ವೈಯಕ್ತಿಕ ಜಾಹೀರಾತು ಬಂದ್. ಕನ್ನಡದಲ್ಲಿ ಅನಿಮೇಷನ್ ಅಂದ್ರೆ ಶಿಶುಗೀತೆ, ನೀತಿಕಥೆ ಅಂತಲೇ ಅಭ್ಯಾಸ ಆಗಿದೆ. ನನ್ನ ವಯಸ್ಸಿನವರು ಬೆಳೆದದ್ದು 2009ರಲ್ಲಿ ಶುರುವಾದ ಚಿಂಟು ಟಿವಿ ನೋಡ್ಕೊಂಡು. ಡೋರಾ ಕನ್ನಡದಲ್ಲಿ ಮಾತಾಡಿದ್ದು ನಮಗೆಲ್ಲ ಹಬ್ಬ. ಆದ್ರೆ ಅದು ಬೇರೆ ಊರಿನ ಹುಡುಗಿ ನಮ್ಮ ಭಾಷೆ ಆಡಿದ್ದು. ನಮ್ಮೂರಿನ ಕಾಗೆ ದೊಡ್ಡವರ ತಮಾಷೆ ಮಾಡಿದ್ರೆ ಅದನ್ನ ಯಾವ ಡಬ್ಬಿಗೆ ಹಾಕ್ಬೇಕು ಅಂತ ಯಂತ್ರಕ್ಕೂ ಗೊಂದಲ, ಅಪ್ಪ-ಅಮ್ಮಂದಿರಿಗೂ ಗೊಂದಲ.

ಹಂಗಂತ ಆಡುವ ಚಿತ್ರದಲ್ಲಿ ನಗಿಸೋದು ನಮಗೆ ಹೊಸದಾ? ಅಲ್ವೇ ಅಲ್ಲ. ತೊಗಲುಗೊಂಬೆ ಆಟ ನೆನಪಿಸ್ಕೊಳ್ಳಿ. ಹದ ಮಾಡಿದ ಚರ್ಮಕ್ಕೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಊರಿನವರು ಆಡಿಸೋದು ರಾಮಾಯಣ, ಮಹಾಭಾರತ ಬೇಕು ಅಂತ. ಆದ್ರೆ ನಡುವೆ ಕಿಳ್ಳೇಕ್ಯಾತ ಅನ್ನೋ ಕೋಡಂಗಿ, ಅವನ ಜತೆಗೆ ಬಂಗಾರಕ್ಕ ಬಂದು ಎಲ್ಲರನ್ನೂ ಬಯ್ದು, ಊರ ಸುದ್ದಿ ಎತ್ತಿ, ಪೋಲಿ ಮಾತಾಡಿ ಹೋಗ್ತಾರೆ. ಆಡಿಸೋ ಸಮುದಾಯಕ್ಕೂ ಅದೇ ಹೆಸರು, ಕಿಳ್ಳೇಕ್ಯಾತರು. ದೇವರ ಕಥೆ ಅನ್ನೋ ಟಿಕೆಟ್ ತಗೊಂಡು ನಗು ಒಳಗೆ ಬರ್ತಿತ್ತು. ಜನಕ್ಕೆ ಏನು ಬೇಕೋ ಅದನ್ನ ಕೊಡ್ತಾ, ಸಂದಿಯಲ್ಲಿ ತನ್ನದನ್ನ ತೂರಿಸೋದು. ಟ್ರೆಂಡಿಂಗ್ ಹಾಡು ಹಾಕಿ ಅದರ ಮೇಲೆ ತಮ್ಮ ತಮಾಷೆ ಕೂರಿಸೋ ರೀಲ್ಸ್‌ನವರು ಮಾಡ್ತಿರೋದೂ ಇದನ್ನೇ, ಮೊದಲು ಮಾಡಿದ್ದು ಕಿಳ್ಳೇಕ್ಯಾತ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ತೊಗಲುಗೊಂಬೆಗಳಿವೆ. ಗೊಂಬೆ ಉಳಿದಿದೆ, ಆಡಿಸಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತಿಲ್ಲ. ಈ ಮಾತಿಗೆ ಆಮೇಲೆ ಬರ್ತೀನಿ.

ಈಗ ಯುದ್ಧದ ಕಾಲದ ಮೈಸೂರು. ಒಬ್ಬ ಲೇಖಕ, ಒಬ್ಬ ತಮ್ಮ, ಒಬ್ಬ ಮುದ್ರಕ.

ಲೇಖಕ ಆರ್.ಕೆ. ನಾರಾಯಣ್. 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಮುಗಿಸಿದವರು. ಮೊದಲ ಕಾದಂಬರಿಯ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ವಾಪಸ್ ಬಂತು. ಕೊನೆಗೆ ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣನಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕ್ಬಿಡು ಅಂತ ಬರೆದರಂತೆ. ಗೆಳೆಯ ಹಾಕಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಪ್ರಕಾಶಕರಿಗೆ ಹೇಳಿದರು, 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು.

ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ: ಶಿಫಾರಸು. ಸರ್ಕಾರಿ ಕಚೇರಿಯಲ್ಲಿ ಆ ಪದ ಕೇಳಿದ್ರೆ ಮೂಗು ಮುರೀತೀವಿ. ಆದ್ರೆ ಅಲ್ಗಾರಿದಮ್ ಮಾಡೋ ಕೆಲಸಕ್ಕೂ ಅದೇ ಹೆಸರು. 'ನಿಮಗಾಗಿ ಶಿಫಾರಸು ಮಾಡಲಾಗಿದೆ' ಅಂತ ಬರುತ್ತಲ್ಲ, ಅದು. ನಾರಾಯಣ್‌ಗೆ ಸಿಕ್ಕಿದ್ದು ಒಬ್ಬನೇ ಒಬ್ಬ ಮನುಷ್ಯನ ಶಿಫಾರಸು.

ಯುದ್ಧ ಶುರುವಾದ ಮೊದಲ ವರ್ಷಗಳಲ್ಲಿ ಅವರು ಮೈಸೂರಿನಿಂದ 'ಇಂಡಿಯನ್ ಥಾಟ್' ಅನ್ನೋ ತ್ರೈಮಾಸಿಕ ತಂದರು. ಚಾಮರಾಜಪುರದ ಟೀ ಅಂಗಡಿ ಇರಲಿ, ಯಾವ ಅಂಗಡಿಯಲ್ಲೂ ಜನ ಕ್ಯೂ ನಿಂತು ಕೊಳ್ಳೋ ಸರಕಲ್ಲ ಅದು. ಆದ್ರೆ ಕಾರು ಮಾರೋ ಕೆಲಸದಲ್ಲಿದ್ದ ಅವರ ಸೋದರಮಾವ ಮದ್ರಾಸಿನಲ್ಲಿ ಮನೆಮನೆ ಸುತ್ತಿ ಆ ಒಂದು ನಗರದಲ್ಲೇ ಸಾವಿರಕ್ಕೂ ಹೆಚ್ಚು ಚಂದಾದಾರರನ್ನ ಮಾಡಿಕೊಟ್ಟರು. ಸಾವಿರ! ನನ್ನ ಚಾನೆಲ್‌ಗೆ ಯಾರಾದ್ರೂ ಹಂಗೆ ಮಾಡಿಕೊಟ್ರೆ ಅವರ ಫೋಟೋಗೆ ಹಾರ ಹಾಕ್ತೀನಿ, ಬದುಕಿದ್ದಾಗಲೇ. ಮೈಸೂರಿನ ಸಿಟಿ ಪವರ್ ಪ್ರೆಸ್‌ನ ಸಂಪತ್ ಅದರ ಮುದ್ರಕ. ನಾರಾಯಣ್ ಅವರ ಮಿಸ್ಟರ್ ಸಂಪತ್ ಅನ್ನೋ ಪಾತ್ರಕ್ಕೆ ಮೂಲ ಆ ಮನುಷ್ಯನೇ.

ಪತ್ರಿಕೆ ಒಂದು ವರ್ಷದೊಳಗೆ ನಿಂತುಹೋಯ್ತು.

ಕಾಮರ್ಸ್ ವಿದ್ಯಾರ್ಥಿಯಾಗಿ ಈ ಸಾಲಿನ ಮುಂದೆ ನಾನು ತುಂಬ ಹೊತ್ತು ಕೂತಿದ್ದೆ. ನಮಗೆಲ್ಲ ಹೇಳಿಕೊಡೋದು ಏನು? ಮೊದಲ ಸಾವಿರ ಸಿಕ್ಕಿದ್ರೆ ಮುಗೀತು, ಮುಂದೆ ಇಳಿಜಾರು. ಇಲ್ಲಿ ಸಾವಿರ ಸಿಕ್ಕಿತ್ತು, ಅದೂ ಮುಂಗಡ ದುಡ್ಡು ಕೊಟ್ಟ ಸಾವಿರ. ನಿಂತದ್ದು ಓದುಗರಿಲ್ಲದೆ ಅಲ್ಲ, ನಾರಾಯಣ್‌ಗೆ ಅದನ್ನ ನಿಭಾಯಿಸೋಕೆ ಆಗದೆ. ಬರೆಯೋದು, ಬರೆಸೋದು, ತಿದ್ದೋದು, ಪ್ರೆಸ್ಸಿಗೆ ಓಡೋದು, ಅಂಚೆಗೆ ಹಾಕೋದು. ಒಬ್ಬನ ಮೈಮೇಲೆ ಅಷ್ಟೂ ಬಿದ್ರೆ ಚಂದಾದಾರರ ಪಟ್ಟಿ ಆಸ್ತಿ ಅಲ್ಲ, ಸಾಲ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಬರಬೇಕಾದ ಜಾಗ ಬೇರೆಯೇ.

ಆದ್ರೆ ಮನುಷ್ಯ ಸುಮ್ಮನಾಗಲಿಲ್ಲ. ಯುದ್ಧದಿಂದ ಲಂಡನ್ ಸಂಪರ್ಕ ಕಡಿದುಹೋಯ್ತು, ಪುಸ್ತಕ ಅಲ್ಲಿ ಅಚ್ಚಾಗೋ ಹಂಗಿಲ್ಲ. 1942ರ ಹೊತ್ತಿಗೆ ಅದೇ ಹೆಸರಲ್ಲಿ ಸ್ವಂತ ಪ್ರಕಾಶನ ಶುರುಮಾಡಿದರು, ಇಂಡಿಯನ್ ಥಾಟ್ ಪಬ್ಲಿಕೇಷನ್ಸ್. 'ಮಾಲ್ಗುಡಿ ಡೇಸ್' 1943ರಲ್ಲಿ ಬಂದದ್ದು ಅಲ್ಲಿಂದಲೇ. ತ್ರೈಮಾಸಿಕ ಕಾಯಲ್ಲ, ಮೂರು ತಿಂಗಳಾಯ್ತು ಅಂದ್ರೆ ತಲೆ ಮೇಲೆ ಕೂರುತ್ತೆ. ಪುಸ್ತಕ ಕಾಯುತ್ತೆ. ಆ ಪ್ರಕಾಶನ ಇಂದಿಗೂ ಇದೆ.

ಇನ್ನು ತಮ್ಮ, ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಬರೀತಿದ್ದ ಹುಡುಗ. ಕಾಗೆ ಅಂದ್ರೆ ಪ್ರಾಣ (ಹೌದು, ನಮ್ಮ ಕಾಗೆಗಳು ಅಲ್ಲಿಂದಲೇ ಹಾರಿಬಂದಿದ್ದು). ಹೈಸ್ಕೂಲ್ ಮುಗಿಸಿ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದರು. ಸೇರಿಸ್ಕೊಳ್ಳೋವಷ್ಟು ಪ್ರತಿಭೆ ನಿನ್ನ ಚಿತ್ರಗಳಲ್ಲಿ ಕಾಣಲಿಲ್ಲ ಅನ್ನೋ ಅರ್ಥದ ಉತ್ತರ ಬಂತು. ಆಮೇಲೆ ಮಹಾರಾಜಾ ಕಾಲೇಜಿಗೆ ಸೇರಿ ಬಿ.ಎ. ಮಾಡಿದರು. ವಿದ್ಯಾರ್ಥಿಯಾಗಿದ್ದಾಗಲೇ 'ದಿ ಹಿಂದೂ' ಪತ್ರಿಕೆಯಲ್ಲಿ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಒಂದು ಬೇಸಿಗೆಯಲ್ಲಿ ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲೂ ಕೆಲಸ ಮಾಡಿಬಂದರು.

ಆ ಹುಡುಗನ ಕಾರ್ಟೂನಿಗೆ ಕನ್ನಡದಲ್ಲಿ ಜಾಗ ಕೊಟ್ಟಿದ್ದು 'ಕೊರವಂಜಿ'.

ಕೊರವಂಜಿ ಅಂದ್ರೆ ಬುಟ್ಟಿ ಹೊತ್ಕೊಂಡು ಮನೆಬಾಗಿಲಿಗೆ ಬಂದು ಕಣಿ ಹೇಳೋಳು. 1942ರಲ್ಲಿ ಆ ಹೆಸರಿನ ಹಾಸ್ಯ ಮಾಸಪತ್ರಿಕೆ ಶುರುಮಾಡಿದ್ದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಕ್ಲಿನಿಕ್ ಇಟ್ಕೊಂಡಿದ್ದ ಡಾ. ಎಂ. ಶಿವರಾಂ, ಕಾವ್ಯನಾಮ 'ರಾಶಿ'. ಆ ವರ್ಷ ಯೋಚನೆ ಮಾಡಿ. ಜಗತ್ತಿನಲ್ಲಿ ಯುದ್ಧ, ದೇಶದಲ್ಲಿ ಕ್ವಿಟ್ ಇಂಡಿಯಾ, ಕಾಗದಕ್ಕೆ ಬರ. ಯಾವ ಮಾರ್ಕೆಟಿಂಗ್ ತಜ್ಞನೂ ಆಗ ಕನ್ನಡದಲ್ಲಿ ನಗಿಸೋಕಂತಲೇ ಒಂದು ಪತ್ರಿಕೆ ತೆಗಿ ಅಂತ ಹೇಳ್ತಿರಲಿಲ್ಲ. ಪತ್ರಿಕೆ 1967ರವರೆಗೆ ನಡೀತು. 25 ವರ್ಷ, ತಿಂಗಳಿಗೊಂದರಂತೆ ಲೆಕ್ಕ ಹಾಕಿದ್ರೆ ಸುಮಾರು 300 ಸಂಚಿಕೆ.

ಮೈಸೂರಿನಿಂದ ಲಕ್ಷ್ಮಣ್ ಚಿತ್ರ ಹೋಗ್ತಿತ್ತು. ನಾ. ಕಸ್ತೂರಿಯವರ ಬರಹ ಹೋಗ್ತಿತ್ತು. ಅದೇ ಕಸ್ತೂರಿ, ರೇಡಿಯೋ ಹೆಸರಿನವರು. ಮನೆಮಾತು ಮಲಯಾಳ, ಊರು ಕೇರಳದ ತೃಪ್ಪೂಣಿತುರ, ನಗಿಸಿದ್ದು ಕನ್ನಡದಲ್ಲಿ. ಪದಗಳಿಗೆ ತಲೆಕೆಳಗಾದ ಅರ್ಥ ಕೊಡೋ ಅವರ 'ಅನರ್ಥಕೋಶ'ವನ್ನ ಇವತ್ತು ಒಂದೊಂದು ಪದವಾಗಿ ಹಾಕಿದ್ರೆ ಮೀಮ್ ಪೇಜ್‌ಗಳು ಬಾಗಿಲು ಹಾಕ್ಕೋಬೇಕಾಗುತ್ತೆ. ಟಿ. ಸುನಂದಮ್ಮ ಅಲ್ಲೇ ಬರೆದು ಬೆಳೆದರು. ಹೆಂಗಸರು ನಗುವ ವಸ್ತು ಆಗಿದ್ದ ಕಾಲದಲ್ಲಿ ನಗಿಸೋರಾದರು. ಅ.ರಾ.ಸೇ. ಬರೆದರು.

ರಾಶಿಯವರ ಲೆಕ್ಕದಲ್ಲಿ ನನಗೆ ಹಿಡಿಸಿದ್ದು ಒಂದು ಸಾದಾ ಸಂಗತಿ: ಅವರು ಡಾಕ್ಟರ್ ಕೆಲಸ ಬಿಡಲಿಲ್ಲ. ಬೆಳಗಾದ್ರೆ ರೋಗಿಗಳು, ಜತೆಗೆ ಪತ್ರಿಕೆ. ಅನ್ನ ಒಂದು ಕಡೆ ಬೇಯ್ತಿದ್ದಾಗ ಉಪ್ಪಿನಕಾಯಿ ಹಾಕೋಕೆ ಧೈರ್ಯ ಬರುತ್ತೆ. ಅದರಿಂದ ಅವರ ಬರವಣಿಗೆ ತೆಳುವಾಗಲೂ ಇಲ್ಲ. 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಮನಮಂಥನ' ಅನ್ನೋ ಮನೋವೈದ್ಯಕೀಯದ ಪುಸ್ತಕಕ್ಕೆ. 'ಪ್ಯಾಷನ್‌ಗಾಗಿ ಕೆಲಸ ಬಿಟ್ಟೆ' ಅನ್ನೋ ವಿಡಿಯೋಗಳು ನಮ್ಮ ಫೀಡ್‌ನಲ್ಲಿ ತುಂಬಿ ತುಳುಕ್ತಿವೆ. ಬಿಡದೇ ಇದ್ದವರ ವಿಡಿಯೋ ಯಾರು ನೋಡ್ತಾರೆ? ಆದ್ರೆ 25 ವರ್ಷ ನಡೆಸಿದ್ದು ಬಿಡದೇ ಇದ್ದವರು.

ಲಕ್ಷ್ಮಣ್ ಮುಂದಿನ ಕಥೆ ನಿಮಗೆ ಗೊತ್ತು. 1951ರಿಂದ 'ಟೈಮ್ಸ್ ಆಫ್ ಇಂಡಿಯಾ', ಬಾಯೇ ಬಿಡದ ಶ್ರೀಸಾಮಾನ್ಯ. 1954ರಲ್ಲಿ ಏಷ್ಯನ್ ಪೇಂಟ್ಸ್‌ನ ಗಟ್ಟು. ಶಂಕರ್ ನಾಗ್ 1986ರಲ್ಲಿ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'ಗೆ ಶುರುವಿನ ಚಿತ್ರಗಳನ್ನ ಬರೆದದ್ದೂ ಅವರೇ. ಜೆ.ಜೆ. ಸ್ಕೂಲಿನವರು ಎಷ್ಟೋ ವರ್ಷದ ಮೇಲೆ ಅವರನ್ನ ಅತಿಥಿಯಾಗಿ ಕರೆದರು.

ಇಲ್ಲಿಗೆ ನಿಲ್ಲಿಸಿದ್ರೆ ಇದು 'ಆ ಕಾಲವೇ ಚೆನ್ನಾಗಿತ್ತು' ಅನ್ನೋ ಇನ್ನೊಂದು ಕಂತು ಆಗುತ್ತೆ. ನಾನು ಹಂಗೆ ಅಂದುಕೊಂಡಿಲ್ಲ. ಮೇಲೆ ಹೇಳಿದ ಹೆಸರುಗಳನ್ನ ಇನ್ನೊಮ್ಮೆ ಓದಿ. ಗೋಪಾಲಸ್ವಾಮಿ, ಕಸ್ತೂರಿ, ನಾರಾಯಣ್, ಲಕ್ಷ್ಮಣ್, ನಾಲ್ವರೂ ಒಂದೇ ಕಾಲೇಜಿನ ಕಾರಿಡಾರ್‌ನವರು. ಆ ವರ್ತುಲದಲ್ಲಿ ಬಹುಪಾಲು ಇಂಗ್ಲಿಷ್ ಓದಿದ ಬ್ರಾಹ್ಮಣ ಗಂಡಸರು. ಅವರ ಪ್ರತಿಭೆ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಶಿಫಾರಸು ಅನ್ನೋದು ಆ ಕಾರಿಡಾರ್‌ನೊಳಗೆ ಎಷ್ಟು ಸಲೀಸಾಗಿ ಓಡಾಡ್ತಿತ್ತೋ, ಅದರ ಹೊರಗೆ ಅಷ್ಟೇ ಸಲೀಸಾಗಿ ನಿಂತುಬಿಡ್ತಿತ್ತು. ಅದೇ ವರ್ಷಗಳಲ್ಲಿ ಎತ್ತಿನಗಾಡಿಯಲ್ಲಿ ಗೊಂಬೆ ಪೆಟ್ಟಿಗೆ ಹೇರ್ಕೊಂಡು ಊರೂರು ತಿರುಗ್ತಿದ್ದ ಕಿಳ್ಳೇಕ್ಯಾತರ ಮನೆ ಹುಡುಗನ ಚಿತ್ರ ಯಾವ ಸಂಪಾದಕರ ಮೇಜಿಗೆ ಹೋಗ್ತಿತ್ತು?

ನಮ್ಮ ಗೆಳತಿ ನಂಜನಗೂಡು ಕಡೆ ಹಳ್ಳಿಯವಳು. ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವಳು. ನನಗೆ ಅವಳ ಪರಿಚಯ ಆಗಿದ್ದು ಯಾವ ಮೇಷ್ಟ್ರಿಂದಲೂ ಅಲ್ಲ. ರಾತ್ರಿ ಹನ್ನೊಂದೂವರೆಗೆ ರೀಲ್ಸ್ ನೂಕ್ತಾ ಇದ್ದಾಗ ಕೋಳಿ ಒಂದು ಗ್ರಾಮ ಪಂಚಾಯ್ತಿ ಸಭೆ ನಡೆಸೋ 20 ಸೆಕೆಂಡಿನ ಚಿತ್ರ ಬಂತು, ಅದರಿಂದ. ಅಂದ್ರೆ ನಾನು ಬಯ್ಯೋ ಅಲ್ಗಾರಿದಮ್ಮೇ ನನಗೆ ಅವಳನ್ನ ಶಿಫಾರಸು ಮಾಡಿದ್ದು. ಮಹಾರಾಜಾ ಕಾಲೇಜಿನ ಕಾರಿಡಾರ್ ಮಾಡ್ತಿರಲಿಲ್ಲ. ಆದ್ರೆ ಅದೇ ಯಂತ್ರ ಅವಳ ಮುಂದಿನ 30 ಚಿತ್ರಗಳನ್ನ ಯಾರಿಗೂ ತೋರಿಸಲಿಲ್ಲ. ಪರಿಚಯ ಮಾಡಿಸೋಕೆ ಯಂತ್ರ ಒಳ್ಳೇದು, ಸಂಸಾರ ನಡೆಸೋಕೆ ಅಲ್ಲ.

ಹೊರಗಿನ ಉದಾಹರಣೆಗಳೂ ಇದನ್ನೇ ಹೇಳ್ತವೆ. ಅಮೆರಿಕದ ವಿವಿಯೆನ್ ಮೆಡ್ರಾನೊ 2019ರ ಅಕ್ಟೋಬರ್‌ನಲ್ಲಿ 'ಹ್ಯಾಜ್‌ಬಿನ್ ಹೋಟೆಲ್' ಅನ್ನೋ ದೊಡ್ಡವರ ಅನಿಮೇಷನ್ ಹಾಸ್ಯದ ಮೊದಲ ಕಂತನ್ನ ಯೂಟ್ಯೂಬ್‌ಗೆ ಹಾಕಿದರು. ದುಡ್ಡು ಬಂದಿದ್ದು ಪೇಟ್ರಿಯಾನ್‌ನಲ್ಲಿ ತಿಂಗಳು ತಿಂಗಳು ಕೊಟ್ಟ ಅಭಿಮಾನಿಗಳಿಂದ. ಅಮೆಜಾನ್ ಪ್ರೈಮ್‌ಗೆ ಸರಣಿಯಾಗಿ ಬಂದದ್ದು 2024ರ ಜನವರಿಯಲ್ಲಿ, ನಾಲ್ಕು ವರ್ಷದ ಮೇಲೆ. ಆಸ್ಟ್ರೇಲಿಯಾದ ಗ್ಲಿಚ್ ಸಂಸ್ಥೆಯ 'ದಿ ಅಮೇಜಿಂಗ್ ಡಿಜಿಟಲ್ ಸರ್ಕಸ್' 2023ರದ್ದು, ಅವರಿಗೆ ಆಸರೆ ಗೊಂಬೆ, ಟೀ-ಶರ್ಟ್ ಮಾರಾಟ. ನಮ್ಮಲ್ಲೇ ನೋಡಿ, ಬೆಂಗಳೂರಿನ ರವಿಶಂಕರ್ ಅವರ 'ಪುಣ್ಯಕೋಟಿ' ಜನರಿಂದ ದುಡ್ಡು ಕೂಡಿಸಿ ಮಾಡಿದ ಅನಿಮೇಷನ್ ಚಿತ್ರ, 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕನ್ನಡದ ಹಸುವಿನ ಕಥೆ, ಭಾಷೆ ಮಾತ್ರ ಸಂಸ್ಕೃತ! ಇರಲಿ. ಎಲ್ಲ ಕಡೆನೂ ಚಿತ್ರ ತೋರಿಸಿದ್ದು ಯಂತ್ರ, ನಡೆಸಿದ್ದು ಹೆಸರು ಬರೆಸಿ ದುಡ್ಡು ಕೊಟ್ಟ ಜನ.

ಅಂದಹಾಗೆ ಕೊರವಂಜಿ 1967ಕ್ಕೇ ಸತ್ತುಹೋಗಲಿಲ್ಲ. 1983ರಲ್ಲಿ ರಾಶಿಯವರ ಮಗ ಶಿವಕುಮಾರ್ ಅವರಿಂದ 'ಅಪರಂಜಿ' ಅನ್ನೋ ಹೆಸರಲ್ಲಿ ಮತ್ತೆ ಹುಟ್ಟಿತು. ಹಳೇ ಸಂಚಿಕೆಗಳು ಈಗ ಡಿಜಿಟಲ್ ರೂಪದಲ್ಲೂ ಇವೆ, ಫೋನಲ್ಲೇ ಓದಬಹುದು. ಮೊದಲ ವರ್ಷದವನ್ನ ಓದಿ. ಕೆಲವು ಹಾಸ್ಯ ಇವತ್ತಿಗೆ ಹಳಸಿದೆ, ಹೆಂಡತಿ ಜೋಕುಗಳಂತೂ ಬೇಡ. ಕೆಲವು ನಿನ್ನೆ ಬರೆದಂಗಿದೆ.

ಈಗ ನಮ್ಮ ಲೆಕ್ಕ. ಗೆಳತಿ ಕೆಲಸ ಬಿಡ್ತಿಲ್ಲ. ಹೋದ ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೂರು ಸುತ್ತು ಹಾಕಿ, ಸ್ವಲ್ಪ ಜಗಳಾನೂ ಆಡಿ ಅದು ತೀರ್ಮಾನ ಆಯ್ತು. "ನೀನು ಕೆಲಸ ಬಿಡ್ತಿದ್ಯೇನೋ, ನನಗೆ ಮಾತ್ರ ಬಿಡು ಅಂತೀಯ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂತು ತಿಂಗಳಿಗೊಂದೇ, ಪತ್ರಿಕೆ ಥರ, ಮೊದಲ ಶನಿವಾರ. ಶಾರ್ಟ್ಸ್‌ಗೆ ಒಂದೊಂದು ತುಣುಕು ಬಿಡ್ತೀವಿ, ಬಾಗಿಲಲ್ಲಿ ನಿಂತು ಕೂಗೋಕೆ ಯಾರಾದ್ರೂ ಬೇಕಲ್ಲ. 'ಮಕ್ಕಳಿಗಾಗಿ' ಅನ್ನೋ ಕಡೆ 'ಇಲ್ಲ' ಅಂತ ಒತ್ತುತೀವಿ. 12 ಕಂತಿಗೆ 2,40,000 ಬೇಕು, ಅರ್ಧ ಇದೆ. ಉಳಿದ ಅರ್ಧಕ್ಕೆ ವರ್ಷಕ್ಕೆ 300 ರೂಪಾಯಿ ಚಂದಾ ಕೊಡೋ 400 ಜನ ಬೇಕು. ಸಾವಿರ ಬೇಡ, ನಾರಾಯಣ್ ಅವರ ಗತಿ ನೋಡಿದೀವಿ. ಹೆಸರು, ಊರು, ಫೋನ್ ನಂಬರ್ ಒಂದು ಉದ್ದನೆ ನೋಟ್‌ಬುಕ್‌ನಲ್ಲಿ ಬರ್ಕೋತಿದೀನಿ. ಚಾನೆಲ್ ನಾಳೆ ಮಾಯ ಆದ್ರೂ ಆ ಪಟ್ಟಿ ನಮ್ಮ ಹತ್ರ ಇರುತ್ತೆ.

ಮೊದಲ ಕಂತು ದಸರಾ ಮುಗಿದ ಮೇಲಿನ ತಿಂಗಳಲ್ಲಿ. ಜನ ಎಲ್ಲ ಹೋದ ಮೇಲೆ ಮಾರ್ಕೆಟ್ ಗೋಡೆ ಮೇಲೆ ಎರಡು ಕಾಗೆ ಕೂತು, ಜಂಬೂಸವಾರಿಗೆ ಪಾಸ್ ಸಿಗಲಿಲ್ಲ ಅಂತ ಗೊಣಗೋದರಿಂದ ಶುರು. ಇವತ್ತಿನವರೆಗೆ 31 ಜನ ಹೆಸರು ಬರೆಸಿದ್ದಾರೆ. ಅದರಲ್ಲಿ ನಾಲ್ಕು ನಮ್ಮ ಮನೆಯವರದ್ದೇ, ಒಂದು ನಮ್ಮ ಬೀದಿಯ ಡಾಕ್ಟರದ್ದು.